ಪಂಡಿತೆ ರಮಾಬಾಯಿಯವರೂ ಅನುದಿನದ ಆಹಾರವೂ

ಕರ್ತನು ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ ಅನುದಿನದ ಆಹಾರಕ್ಕಾಗಿ ಬೇಡಿಕೊಳ್ಳುವ ಒಂದು ಸಣ್ಣ ಮಾತುಂಟು. ಹೊಟ್ಟೆ ತುಂಬಿದವರು ಆ ಮಾತನ್ನು ಹೇಳುವಾಗ ಅದು ನಾಲಿಗೆಯ ಮೇಲಿಂದ ಸುಲಭವಾಗಿ ಜಾರಿಹೋಗುತ್ತದೆ. ಮನೆಯಲ್ಲಿ ನಾಳೆಯ ಅಡಿಗೆಗೆ ಅಕ್ಕಿಯಿಲ್ಲದವರು ಅದನ್ನು ಹೇಳುವಾಗ ಗಂಟಲು ಬಿಗಿಯುತ್ತದೆ. ನಮ್ಮ ಶಾಲೆಯ ಹುಡುಗಿಯರಲ್ಲಿ ಎರಡೂ ಬಗೆಯವರುಂಟು. ನಾಳೆಯ ವಿಷಯವಾಗಿ ಚಿಂತೆ ಮಾಡಬೇಡಿರೆಂದು ಪರ್ವತ ಪ್ರಸಂಗದಲ್ಲಿ ಹೇಳಲ್ಪಟ್ಟಿರುವುದನ್ನು ವೇದಪಾಠದಲ್ಲಿ ಓದುವಾಗ, ಎರಡನೆಯ ಬಗೆಯವರು ಬಾಯಿಬಿಟ್ಟು ಕೇಳದಿದ್ದರೂ ಅವರ ಕಣ್ಣುಗಳಲ್ಲಿ ಒಂದು ಪ್ರಶ್ನೆ ಇರುವುದನ್ನು ನಾವು ಅನೇಕ ಸಾರಿ ಕಂಡಿದ್ದೇವೆ. ಹಕ್ಕಿಗಳನ್ನು ಸಾಕುವ ದೇವರು ಕ್ಷಾಮದಲ್ಲಿ ಸತ್ತವರನ್ನು ಏಕೆ ಸಾಕಲಿಲ್ಲ? ನಂಬಿಕೆಯಿಂದಿರುವುದೆಂದರೆ ಕೈಕಟ್ಟಿ ಕುಳಿತಿರುವುದೋ? ಈ ಪ್ರಶ್ನೆಗಳಿಗೆ ಒಣಮಾತುಗಳಿಂದ ಉತ್ತರ ಕೊಡುವುದಕ್ಕಿಂತ, ಹಸಿವನ್ನೂ ನಂಬಿಕೆಯನ್ನೂ ಚೆನ್ನಾಗಿ ಬಲ್ಲ ಒಬ್ಬ ಸ್ತ್ರೀಯ ಚರಿತ್ರೆಯನ್ನು ಹೇಳುವುದೇ ಲೇಸೆಂದು ತೋರಿದ್ದರಿಂದ, ಈ ಸ್ಮರಣ ಸಂಚಿಕೆಯಲ್ಲಿ ಪಂಡಿತೆ ರಮಾಬಾಯಿಯವರ ಜೀವನವನ್ನು ಸಂಗ್ರಹವಾಗಿ ಬರೆಯುತ್ತೇವೆ.

ರಮಾಬಾಯಿಯವರು ಹೆಸರುವಾಸಿಯಾದದ್ದು ಮಹಾರಾಷ್ಟ್ರದಲ್ಲಿಯಾದರೂ, ಹುಟ್ಟಿದ್ದು ನಮ್ಮ ನಾಡಿನ ಮಲೆಯಲ್ಲಿ. ಕಾರ್ಕಳದ ಸೀಮೆಗೆ ಸೇರಿದ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರು ದೊಡ್ಡ ಸಂಸ್ಕೃತ ವಿದ್ವಾಂಸರು. ಹೆಂಗಸರಿಗೆ ಅಕ್ಷರವೇ ಸಲ್ಲದೆಂದು ತಿಳಿದಿದ್ದ ಆ ಕಾಲದಲ್ಲಿ ಅವರು ತಮ್ಮ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತವನ್ನು ಕಲಿಸಿದರು. ಇದಕ್ಕಾಗಿ ಸ್ವಜನರು ಅವರನ್ನು ನಿಂದಿಸಿದರು. ಪಂಡಿತರ ಸಭೆಯ ಮುಂದೆ ನಿಂತು ತಮ್ಮ ನಡತೆಗೆ ಶಾಸ್ತ್ರಾಧಾರಗಳನ್ನು ತೋರಿಸಬೇಕಾಯಿತು. ಆ ಮೇಲೆ ಅವರು ಪಶ್ಚಿಮ ಘಟ್ಟದ ಗಂಗಾಮೂಲವೆಂಬ ಕಾಡಿನಲ್ಲಿ ಮನೆ ಮಾಡಿಕೊಂಡು ಶಿಷ್ಯರಿಗೆ ಪಾಠ ಹೇಳುತ್ತಿದ್ದರು. ತುಂಗಭದ್ರೆಯರು ಹುಟ್ಟುವ ಆ ಮಲೆಯಲ್ಲಿ 1858ನೆಯ ಇಸವಿ ಏಪ್ರಿಲ್ 23ರಲ್ಲಿ ರಮಾಬಾಯಿಯವರು ಜನಿಸಿದರು. ಬಂದ ಅತಿಥಿಗಳಿಗೆಲ್ಲ ಅನ್ನವಿಕ್ಕಿ ತಂದೆಯವರ ಆಸ್ತಿ ಕರಗಿಹೋಯಿತು. ಕೂಸಿಗೆ ಆರು ತಿಂಗಳಾದಾಗ ಕುಟುಂಬವು ಮಲೆಯನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಕೂಲಿಯವನ ತಲೆಯ ಮೇಲಿಟ್ಟು ಘಟ್ಟವನ್ನು ಇಳಿಸಿದರಂತೆ.

ಹೀಗೆ ಆರಂಭವಾದ ಸಂಚಾರವು ಹದಿನಾರು ವರ್ಷಗಳಿಗಿಂತಲೂ ಹೆಚ್ಚು ಕಾಲ ನಡೆಯಿತು. ದೇವಸ್ಥಾನಗಳಲ್ಲಿಯೂ ನದೀತೀರಗಳಲ್ಲಿಯೂ ಪುರಾಣವನ್ನು ಓದಿ ಹೇಳುವುದೇ ಅವರ ಜೀವನೋಪಾಯ. ತಂದೆಯವರು ಮುಪ್ಪಿನಿಂದ ಸೊರಗಿದ್ದುದರಿಂದ ಮಗಳಿಗೆ ತಾಯಿಯೇ ಗುರುವಾದಳು. ಎಂಟನೆಯ ವಯಸ್ಸಿನಲ್ಲಿ ಪಾಠವನ್ನು ಮೊದಲು ಮಾಡಿದ ಬಾಲೆಯು ಹದಿನೈದನೆಯ ವಯಸ್ಸಿನ ಹೊತ್ತಿಗೆ ಭಾಗವತದ 18,000 ಶ್ಲೋಕಗಳನ್ನು ಕಂಠಪಾಠ ಮಾಡಿದ್ದಳು. ಆದರೆ ಕೈಕೆಲಸವೊಂದನ್ನೂ ಯಾರೂ ಆಕೆಗೆ ಕಲಿಸಲಿಲ್ಲ, ಅಣ್ಣನಿಗೂ ಕಲಿಸಲಿಲ್ಲ. ಪಂಡಿತರ ಮಕ್ಕಳು ಕೂಲಿ ಮಾಡುವುದು ಅಪಮಾನವೆಂದು ಎಲ್ಲರೂ ಎಣಿಸಿದ್ದರು. ಈ ಮಾತನ್ನು ನಮ್ಮ ಓದುಗರು ಮರೆಯಬಾರದು. ಮುಂದೆ ಇದರಿಂದಲೇ ಅನೇಕ ಸಂಗತಿಗಳು ಹುಟ್ಟಿದವು.

1870ರ ದಶಕದಲ್ಲಿ ದಕ್ಷಿಣ ಹಿಂದೂಸ್ಥಾನವನ್ನು ಕ್ಷಾಮವು ಹಿಡಿಯಿತು. ಜನರಿಗೆ ಪುರಾಣವನ್ನು ಕೇಳುವುದಕ್ಕೆ ಮನಸ್ಸಿರಲಿಲ್ಲ, ಕೊಡುವುದಕ್ಕೆ ಕಾಳಿರಲಿಲ್ಲ. ಮೊದಲು ಒಡವೆಗಳು ಹೋದವು, ಆಮೇಲೆ ಹಿತ್ತಾಳೆಯ ಪಾತ್ರೆಗಳು, ಕಡೆಗೆ ಒಳ್ಳೆಯ ಬಟ್ಟೆಗಳು. ಎಲ್ಲವೂ ಮುಗಿದ ಮೇಲೆ ಬೇಡುವುದಕ್ಕೆ ನಾಚಿ ಅವರು ತಿರುಪತಿಯ ಸಮೀಪದ ಕಾಡನ್ನು ಹೊಕ್ಕರು. ಅಲ್ಲಿ ಹನ್ನೊಂದು ದಿವಸ ನೀರು, ಎಲೆ, ಹಿಡಿಯಷ್ಟು ಕಾಡುಹಣ್ಣು ಇವುಗಳಿಂದ ಜೀವ ಹಿಡಿದರು. ಮುದುಕರಾದ ತಂದೆಯವರು ಪವಿತ್ರವಾದ ಕೆರೆಯಲ್ಲಿ ಮುಳುಗಿ ಪ್ರಾಣ ಬಿಡಲು ನಿಶ್ಚಯಿಸಿ, ಕಿರಿಯ ಮಗಳನ್ನು ಅಪ್ಪಿಕೊಂಡು, ಮಾನವಾಗಿ ಬಾಳಬೇಕೆಂದೂ ಜೀವಮಾನವೆಲ್ಲ ದೇವರನ್ನು ಸೇವಿಸಬೇಕೆಂದೂ ಬುದ್ಧಿ ಹೇಳಿದರು. ಆಗ ಅಣ್ಣನಾದ ಶ್ರೀನಿವಾಸನು, ತಾನು ಕುಲದ ಹೆಮ್ಮೆಯನ್ನು ಬಿಟ್ಟು ಕೂಲಿ ಮಾಡಿ ಎಲ್ಲರನ್ನೂ ಸಾಕುವೆನೆಂದು ಮುಂದೆ ಬಂದನು. ಆದರೆ ಕಾಲ ಮೀರಿತ್ತು. ಕಾಡಿನಿಂದ ಹೊರಗೆ ಬಂದ ಕೆಲವು ದಿವಸಗಳಲ್ಲಿಯೇ ತಂದೆಯವರು ತೀರಿಕೊಂಡರು.

ಉಳಿದವರು ರಾಯಚೂರಿಗೆ ಬಂದರು. ಅಲ್ಲಿಯೂ ಕ್ಷಾಮವೇ. ತಾಯಿಯು ಹಸಿವಿನಿಂದ ಕಂಗೆಟ್ಟು ಮಲಗಿದಳು. ಮಗಳು ನಾಚಿಕೆಯನ್ನು ನುಂಗಿಕೊಂಡು ನೆರೆಮನೆಗೆ ಹೋಗಿ ನಿಂತಾಗ ಒಬ್ಬ ಕರುಣೆಯುಳ್ಳ ಗೃಹಿಣಿಯು ಸಜ್ಜೆಯ ರೊಟ್ಟಿಯ ತುಂಡೊಂದನ್ನು ಕೊಟ್ಟಳು. ಅದನ್ನು ತಂದು ತಾಯಿಯ ಬಾಯಿಗಿಟ್ಟರೆ, ತಿನ್ನುವ ಶಕ್ತಿಯು ಆಕೆಯಲ್ಲಿ ಉಳಿದಿರಲಿಲ್ಲ. ಆಕೆ ಸತ್ತಾಗ ಹೊರುವವರಿಲ್ಲ. ಇಬ್ಬರು ಬ್ರಾಹ್ಮಣರು ದಯಮಾಡಿ ಬಂದರು, ಮೂರನೆಯವನು ಅಣ್ಣ, ನಾಲ್ಕನೆಯ ಹೆಗಲು ರಮಾಬಾಯಿಯವರದೇ ಆಗಬೇಕಾಯಿತು. ಕುಳ್ಳಾಗಿದ್ದುದರಿಂದ ಹೆಗಲಿಗೆ ನಿಲುಕದೆ, ಚಟ್ಟವನ್ನು ತಲೆಯ ಮೇಲೆ ಹೊತ್ತು ಸುಮಾರು ಮೂರು ಮೈಲಿ ದೂರದ ಸ್ಮಶಾನಕ್ಕೆ ನಡೆದರು. ಅಕ್ಕನೂ ಬಹುಕಾಲ ಬದುಕಲಿಲ್ಲ.

ಅನಂತರ ಅಣ್ಣತಂಗಿಯರಿಬ್ಬರೂ ಕಾಲುನಡಿಗೆಯಿಂದ ಸಾವಿರಾರು ಮೈಲಿ ಅಲೆದು ಉತ್ತರಕ್ಕೆ ಹೋದರು. ಪಂಜಾಬಿನ ಝೇಲಮ್ ನದಿಯ ದಡದಲ್ಲಿ ಹೊದೆಯಲು ಕಂಬಳಿಯಿಲ್ಲದೆ, ಮರಳಿನಲ್ಲಿ ಗೋರಿಯಂಥ ಕುಳಿಗಳನ್ನು ತೋಡಿ, ತಲೆಯನ್ನು ಮಾತ್ರ ಹೊರಗಿಟ್ಟು ಮೈಮೇಲೆ ಒಣಮರಳನ್ನು ಎಳೆದುಕೊಂಡು ಮಲಗಿದ ರಾತ್ರಿಗಳೂ ಇದ್ದವು. 1878ರಲ್ಲಿ ಕಲಕತ್ತೆಯನ್ನು ಸೇರಿದಾಗ ಅಲ್ಲಿಯ ವಿದ್ವಾಂಸರು ರಮಾಬಾಯಿಯವರ ಪಾಂಡಿತ್ಯಕ್ಕೆ ಬೆರಗಾಗಿ, ಪಂಡಿತೆಯೆಂದೂ ಸರಸ್ವತಿಯೆಂದೂ ಬಿರುದು ಕೊಟ್ಟರು. ಆದರೆ ಸುಖವು ಸ್ವಲ್ಪ ಕಾಲದ್ದು. 1880ರಲ್ಲಿ ಅಣ್ಣನು ತೀರಿಕೊಂಡನು. ಅದೇ ವರ್ಷ ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳದ ವಕೀಲರನ್ನು ಜಾತಿಯ ಕಟ್ಟನ್ನು ದಾಟಿ ಮದುವೆಯಾದರು. 1881ರಲ್ಲಿ ಮನೋರಮೆಯೆಂಬ ಮಗಳು ಹುಟ್ಟಿದಳು. 1882ರಲ್ಲಿ ಗಂಡನು ವಾಂತಿಭೇದಿಯಿಂದ ಸತ್ತನು. ಇಪ್ಪತ್ತನಾಲ್ಕು ವರ್ಷ ತುಂಬುವುದಕ್ಕೆ ಮುಂಚೆ ರಮಾಬಾಯಿಯವರು ತಂದೆ, ತಾಯಿ, ಅಕ್ಕ, ಅಣ್ಣ, ಗಂಡ ಎಲ್ಲರನ್ನೂ ಕಳೆದುಕೊಂಡು, ಕೈಗೂಸಿನೊಡನೆ ವಿಧವೆಯಾಗಿ ನಿಂತರು.

ಅವರು ಪೂನಾಕ್ಕೆ ಬಂದು ಸ್ತ್ರೀಯರ ಏಳಿಗೆಗಾಗಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಅದೇ 1882ರಲ್ಲಿ ಹಂಟರ್ ಸಾಹೇಬರ ವಿದ್ಯಾಸಮಿತಿಯ ಮುಂದೆ, ಹೆಣ್ಣುಮಕ್ಕಳಿಗೆ ಉಪಾಧ್ಯಾಯಿನಿಯರೂ ವೈದ್ಯೆಯರೂ ಬೇಕೆಂದು ಸಾಕ್ಷಿ ನುಡಿದರು. 1883ರಲ್ಲಿ ಇಂಗ್ಲೆಂಡಿಗೆ ಹೋದಾಗ, ಕೆಟ್ಟುಹೋದವರೆಂದು ಲೋಕವು ತಳ್ಳಿದ ಸ್ತ್ರೀಯರನ್ನು ಕ್ರೈಸ್ತ ಸಹೋದರಿಯರು ಪ್ರೀತಿಯಿಂದ ಸಾಕುತ್ತಿರುವುದನ್ನು ನೋಡಿ ಆಶ್ಚರ್ಯಪಟ್ಟರು. ಇದಕ್ಕೆ ಕಾರಣವನ್ನು ಕೇಳಿದಾಗ ಯೇಸುಸ್ವಾಮಿಯು ಸಮಾರ್ಯದ ಸ್ತ್ರೀಯೊಡನೆ ಬಾವಿಯ ಬಳಿ ಮಾತಾಡಿದ ಚರಿತ್ರೆಯನ್ನು ಅವರಿಗೆ ಓದಿ ತೋರಿಸಿದರು. ಆ ವರ್ಷದ ಸೆಪ್ಟೆಂಬರ್ ತಿಂಗಳಲ್ಲಿ ತಾಯಿಮಗಳಿಬ್ಬರೂ ದೀಕ್ಷಾಸ್ನಾನ ಹೊಂದಿದರು. 1886ರಲ್ಲಿ ರಮಾಬಾಯಿಯವರು ಅಮೇರಿಕಕ್ಕೆ ಹೋಗಿ, ಮೇಲುಜಾತಿಯ ಬಾಲವಿಧವೆಯರ ಕಷ್ಟವನ್ನು ಒಂದು ಪುಸ್ತಕದಲ್ಲಿ ಬರೆದು ಪ್ರಕಟಿಸಿದರು. ಬೋಸ್ಟನ್ ನಗರದಲ್ಲಿ ಅವರ ಹೆಸರಿನಲ್ಲಿಯೇ ಒಂದು ಸಂಘ ಏರ್ಪಟ್ಟು, ವಿಧವೆಯರ ಶಾಲೆಯನ್ನು ಹತ್ತು ವರ್ಷ ನಡೆಸಲು ಹಣ ಕೊಡುವುದಾಗಿ ಒಪ್ಪಿತು. ಅದರಂತೆ 1889ರ ಮಾರ್ಚ್ 11ರಲ್ಲಿ ಬೊಂಬಾಯಿಯಲ್ಲಿ ಶಾರದಾ ಸದನವು ಆರಂಭವಾಯಿತು. ಮರುವರ್ಷ ಅದು ಪೂನಾಕ್ಕೆ ಬಂದಿತು. ಅಲ್ಲಿಯ ಮೊದಲನೆಯ ವಿದ್ಯಾರ್ಥಿನಿಯರಲ್ಲೊಬ್ಬರಾದ ಗೋದೂಬಾಯಿಯವರನ್ನು 1893ರಲ್ಲಿ ಧೋಂಡೋ ಕೇಶವ ಕರ್ವೆಯವರು ಮದುವೆಯಾದರು.

ಇಲ್ಲಿಂದ ನಮ್ಮ ವಿಷಯಕ್ಕೆ ಬರುತ್ತೇವೆ. ಸಂಘದ ವಾಗ್ದಾನ ಹತ್ತೇ ವರ್ಷದ್ದು. 1898 ಕಳೆದ ಮೇಲೆ ಗತಿಯೇನು? ಜಾಗರೂಕಳಾದ ಗೃಹಿಣಿಯಂತೆ ರಮಾಬಾಯಿಯವರು ಮೊದಲೇ ಆಲೋಚಿಸಿದರು. ಪೂನಾದಿಂದ ಸುಮಾರು 35 ಮೈಲಿ ದೂರದಲ್ಲಿ, ಸೊಲ್ಲಾಪುರದ ರೈಲುದಾರಿಯಲ್ಲಿರುವ ಕೇಡಗಾಂವದಲ್ಲಿ ನೂರು ಎಕರೆಯಷ್ಟು ಬರಡುಭೂಮಿಯನ್ನು ಕೊಂಡು, ಬಾವಿ ತೋಡಿಸಿ, ಮಾವು, ಕಿತ್ತಳೆ, ನಿಂಬೆಯ ಗಿಡಗಳನ್ನು ನೆಡಿಸಿದರು. ಅದೇ ಕಾಲದಲ್ಲಿ ಅವರು ಮೂವರು ದೇವಭಕ್ತರ ಚರಿತ್ರೆಗಳನ್ನು ಓದಿದರು: ಬ್ರಿಸ್ಟಲ್ ನಗರದಲ್ಲಿ ಸಾವಿರಾರು ಅನಾಥ ಮಕ್ಕಳನ್ನು ಪ್ರಾರ್ಥನೆಯಿಂದಲೇ ಸಾಕಿದ ಜಾರ್ಜ್ ಮುಲ್ಲರ್, ಚೀನಾದಲ್ಲಿ ಸುವಾರ್ತೆ ಸಾರಿದ ಹಡ್ಸನ್ ಟೇಲರ್, ದಕ್ಷಿಣ ಸಮುದ್ರದ ದ್ವೀಪಗಳಲ್ಲಿ ಸೇವೆ ಮಾಡಿದ ಜಾನ್ ಪೇಟನ್. ಆ ದೇಶಗಳಲ್ಲಿ ತನ್ನ ಮಕ್ಕಳ ಅಗತ್ಯಗಳನ್ನು ಪೂರೈಸಿದ ದೇವರು ಹಿಂದೂಸ್ಥಾನದಲ್ಲಿಯೂ ಪೂರೈಸಲಾರನೇ ಎಂದು ಅವರ ಮನಸ್ಸು ಕೇಳಿತು. ಲೋನಾವಳದಲ್ಲಿ ಕೂಡಿದ ಭಕ್ತಿಕೂಟವೊಂದರಲ್ಲಿ ಅವರ ಸಂಗಡ ಕ್ರಿಸ್ತನನ್ನು ನಂಬಿದ ಹದಿನೈದು ಹುಡುಗಿಯರಿದ್ದರು. ಆ ಹದಿನೈದನ್ನು ಹದಿನೈದರಿಂದಲೇ ಗುಣಿಸಿ 225 ಮಂದಿಯನ್ನು ಕೊಡಬೇಕೆಂದು ಅವರು ಒಂದು ಮುಂಜಾನೆ ದೇವರನ್ನು ಬೇಡಿಕೊಂಡರು. ಅಷ್ಟು ಜನರಿಗೆ ಇರುವುದಕ್ಕೆ ಸ್ಥಳವೂ ಇರಲಿಲ್ಲ, ಇಕ್ಕುವುದಕ್ಕೆ ಹಣವೂ ಇರಲಿಲ್ಲ.

1896ರಲ್ಲಿ ಮಳೆ ತಪ್ಪಿತು. ಮಧ್ಯಪ್ರಾಂತ್ಯಗಳಲ್ಲಿ ಘೋರವಾದ ಕ್ಷಾಮ ಬಂದಿತೆಂಬ ಸುದ್ದಿ ಕೇಳಿದಾಗ, ಹಳೆಯ ಹಸಿವೆಲ್ಲ ರಮಾಬಾಯಿಯವರ ನೆನಪಿಗೆ ಬಂದಿತು. ಅನಾಥ ಹುಡುಗಿಯರನ್ನು ಕೆಟ್ಟ ಜನರು ಬಲೆಯೊಡ್ಡಿ ಒಯ್ಯುತ್ತಿದ್ದುದನ್ನೂ ಅವರು ಬಲ್ಲರು. ಆದರೆ ಸಂಘದ ಹಣವು ಮೇಲುಜಾತಿಯ ವಿಧವೆಯರ ಶಾಲೆಗೆ ಮಾತ್ರ ಮೀಸಲು. ಕ್ಷಾಮದ ಮಕ್ಕಳಿಗಾಗಿ ಅದರಲ್ಲಿ ಕಾಸನ್ನೂ ತೆಗೆಯುವಂತಿರಲಿಲ್ಲ. ಬುದ್ಧಿಯು ಹೋಗಬೇಡವೆಂದಿತು. ರಮಾಬಾಯಿಯವರು ಪ್ರಾರ್ಥಿಸಿ ಹೊರಟೇ ಹೋದರು. ಕ್ಷಾಮದ ಶಿಬಿರಗಳನ್ನೂ ಬಡವರ ಛತ್ರಗಳನ್ನೂ ಸುತ್ತಿ, ಮೂಳೆಚಕ್ಕಳವಾಗಿದ್ದ ಬಾಲೆಯರನ್ನು ತಂಡತಂಡವಾಗಿ ಕಳುಹಿಸಿದರು. ಅವರ ಸಂಖ್ಯೆಯು ಸುಮಾರು ಮುನ್ನೂರಾಯಿತು. ಪೂನಾದಲ್ಲಿ ಆಗ ಪ್ಲೇಗಿನ ಭಯವಿದ್ದುದರಿಂದ ಇಷ್ಟು ಜನರನ್ನು ಊರಲ್ಲಿಡಲು ಸರಕಾರದವರು ಒಪ್ಪಲಿಲ್ಲ. ಆಗ ಕೇಡಗಾಂವದ ಹೊಲವೇ ಗತಿಯಾಯಿತು. ಮುಂದಿನ ದಿನಗಳಿಗೆಂದು ಕೊಂಡಿದ್ದ ಭೂಮಿಯು ಅಂದಿನ ದಿನಕ್ಕೇ ಒದಗಿತು. ಗುಡಾರ ಗುಡಿಸಲುಗಳಲ್ಲಿ ಮೊದಲಾದ ಆ ಆಶ್ರಯಕ್ಕೆ ಮುಕ್ತಿ ಎಂದು ಹೆಸರಾಯಿತು. ಬೇಡಿಕೊಂಡಿದ್ದ 225 ಎಂಬ ಸಂಖ್ಯೆಯೂ ಅವರು ಎಣಿಸಿದ ಕಾಲದೊಳಗಾಗಿಯೇ ತುಂಬಿತು.

ಬೋಸ್ಟನ್ ಸಂಘದ ಹತ್ತು ವರ್ಷಗಳು 1898ರಲ್ಲಿ ಮುಗಿದವು. ಅಲ್ಲಿಯ ಸ್ನೇಹಿತರು ಪುನಃ ಸಂಘವನ್ನು ಕಟ್ಟಿ ಸಹಾಯವನ್ನು ಮುಂದುವರಿಸಿದರಾದರೂ, ನೂರಾರು ಬಾಯಿಗಳಿಗೆ ನಿಶ್ಚಯವಾದ ಆದಾಯವಾವುದೂ ಇರಲಿಲ್ಲ. 1899ರಿಂದ 1900ರ ವರೆಗೆ ಗುಜರಾಥದಲ್ಲಿಯೂ ರಾಜಪುತಾಣದಲ್ಲಿಯೂ ಕ್ಷಾಮವಾದಾಗ, ಹಿಂದಿನ ಕ್ಷಾಮದಲ್ಲಿ ಬದುಕಿಕೊಂಡ ಹುಡುಗಿಯರೇ ಈ ಸಾರಿ ಇತರರನ್ನು ಹುಡುಕಿ ತರಲು ಹೋದರು. ಮುಕ್ತಿಯಲ್ಲಿದ್ದವರ ಸಂಖ್ಯೆಯು ಎರಡು ಸಾವಿರವನ್ನು ಸಮೀಪಿಸಿತು. ಬಾವಿಗಳ ಸಂಗತಿಯು ಆ ವರ್ಷದ್ದು. ಸುತ್ತಲಿನ ನೆಲವು ಬಿರಿದುಹೋಗಿತ್ತು. ಪ್ರತಿ ಸಾಯಂಕಾಲವೂ ಕಡೆಯ ಕೊಡದ ವರೆಗೆ ನೀರನ್ನು ಸೇದಿ ಬಾವಿಯು ಬರಿದಾಗುತ್ತಿತ್ತು. ಬೆಳಿಗ್ಗೆ ನೋಡಿದರೆ ಆ ದಿವಸಕ್ಕೆ ಸಾಲುವಷ್ಟು ನೀರು ಒಸರಿ ನಿಂತಿರುತ್ತಿತ್ತು. ಮರುದಿವಸಕ್ಕೆಂದು ಮಿಗುತ್ತಿರಲಿಲ್ಲ, ಆ ದಿವಸಕ್ಕೆ ಕಡಿಮೆಯೂ ಆಗುತ್ತಿರಲಿಲ್ಲ. ಇಸ್ರಾಯೇಲ್ಯರು ಅರಣ್ಯದಲ್ಲಿ ಮನ್ನವನ್ನು ಕೂಡಿಸಿಕೊಂಡ ಕಥೆಯನ್ನು ಬಲ್ಲ ನಾವು ಇದನ್ನು ಓದಿ ಸುಮ್ಮನೆ ಮುಂದೆ ಹೋಗಲಾರೆವು.

ಆದರೆ ಇಷ್ಟನ್ನು ಮಾತ್ರ ಹೇಳಿ ನಿಲ್ಲಿಸಿದರೆ ರಮಾಬಾಯಿಯವರ ನಂಬಿಕೆಯನ್ನು ಅರ್ಧವೇ ಹೇಳಿದಂತಾದೀತು. ಹಗಲು ನೀರು ಸೇದಿದ ಕೈಗಳು ಆ ಹುಡುಗಿಯರವೇ. ತಂದೆತಾಯಿಗಳು ಶಾಸ್ತ್ರವನ್ನು ಬಲ್ಲವರಾದರೂ ದುಡಿಯಲು ತಿಳಿಯದೆ ಸತ್ತರೆಂಬುದನ್ನು ರಮಾಬಾಯಿಯವರು ಎಂದೂ ಮರೆಯಲಿಲ್ಲ. ಆದಕಾರಣ ಮುಕ್ತಿಯಲ್ಲಿ ಓದಿನೊಂದಿಗೆ ಕೆಲಸವನ್ನು ಕಲಿಯದವಳು ಇರಲಿಲ್ಲ. ನೇಯುವುದು, ಹೊಲಿಯುವುದು, ಎಣ್ಣೆ ತೆಗೆಯುವುದು, ಹಸು ಸಾಕುವುದು, ಬಟ್ಟೆ ಒಗೆಯುವುದು, ಹೊಲಗೆಯ್ಯುವುದು, ಅಚ್ಚುಮೊಳೆ ಜೋಡಿಸುವುದು, ಎಲ್ಲವೂ ಅಲ್ಲಿ ನಡೆಯುತ್ತಿದ್ದವು. ಕುರುಡಿಯರಿಗೆ ಮನೋರಮೆಯವರು ಉಬ್ಬಿದ ಚುಕ್ಕೆಗಳ ಅಕ್ಷರಗಳನ್ನು ಕಲಿಸಿದರು. ಬೆತ್ತ ಹೆಣೆಯುವುದನ್ನು ಕಲಿತು ಅವರೂ ದುಡಿದರು. ದಾರಿತಪ್ಪಿದ ಸ್ತ್ರೀಯರಿಗಾಗಿ ಕೃಪಾ ಸದನವೆಂಬ ಬೇರೆ ಮನೆಯನ್ನು ಕಟ್ಟಿದರು. ಅಗತ್ಯಗಳನ್ನು ಮೊದಲು ಪ್ರಾರ್ಥನೆಯಲ್ಲಿ ದೇವರಿಗೆ ತಿಳಿಸುವುದು, ನಡೆಯುತ್ತಿರುವ ಕೆಲಸವನ್ನು ವರದಿಗಳಲ್ಲಿ ಸ್ನೇಹಿತರ ಮುಂದಿಡುವುದು, ಬಂದಷ್ಟರಲ್ಲಿ ಕೆಲಸವನ್ನು ಮುಂದೆ ನಡೆಸುವುದು. ಇದು ಅವರ ಕ್ರಮವಾಗಿತ್ತು. ಹಕ್ಕಿಯು ಬಿತ್ತದಿದ್ದರೂ ಗೂಡಿನಲ್ಲಿ ಬಾಯಿ ತೆರೆದು ಕುಳಿತಿರುವುದಿಲ್ಲ; ಹೊತ್ತಾರೆ ಎದ್ದು ಹಾರಿಹೋಗಿ ಆರಿಸಿಕೊಂಡು ಬರುತ್ತದೆ. ಚಿಂತೆಯನ್ನು ಬಿಡುವುದು ಬೇರೆ, ಕೆಲಸವನ್ನು ಬಿಡುವುದು ಬೇರೆ. ಕೆಲಸವನ್ನು ನಾವು ಮಾಡಿ ಅದರ ಫಲದ ಭಾರವನ್ನು ದೇವರ ಮೇಲೆ ಹಾಕುವುದೇ ನಂಬಿಕೆಯೆಂದು ಮುಕ್ತಿಯ ದಿನಚರಿಯು ತೋರಿಸುತ್ತದೆ.

ಇನ್ನೊಂದು ಮಾತನ್ನೂ ಮರೆಮಾಚದೆ ಹೇಳಬೇಕು. ರಮಾಬಾಯಿಯವರು ಕರೆತಂದ ಎಲ್ಲ ಹುಡುಗಿಯರೂ ಬದುಕಲಿಲ್ಲ. ಅನ್ನವು ಮುಂದೆ ಬಂದಾಗ ಕೆಲವರ ದೇಹವು ಅದನ್ನು ತಾಳಲಾರದಷ್ಟು ಕ್ಷೀಣವಾಗಿತ್ತು. ರಾಯಚೂರಿನಲ್ಲಿ ತಾಯಿಯು ರೊಟ್ಟಿಯ ತುಂಡನ್ನು ತಿನ್ನಲಾರದೆ ಸತ್ತಂತೆಯೇ ಇವರಲ್ಲಿ ಅನೇಕರು ಕಣ್ಣೆದುರಿಗೆ ಸತ್ತರು. ಪ್ರಾರ್ಥಿಸಿದವರಿಗೆ ದುಃಖವೇ ಬರುವುದಿಲ್ಲವೆಂದು ರಮಾಬಾಯಿಯವರ ಜೀವನದಿಂದ ಯಾರೂ ಕಲಿಯಲಾರರು. ಕ್ಷಾಮದಲ್ಲಿ ಸತ್ತವರನ್ನು ದೇವರು ಏಕೆ ಸಾಕಲಿಲ್ಲವೆಂಬ ಪ್ರಶ್ನೆಗೆ ಅವರು ಬಾಯಿಂದ ಉತ್ತರ ಹೇಳುತ್ತಾ ಕುಳಿತುಕೊಳ್ಳಲಿಲ್ಲ. ಮುಂದಿನ ಕ್ಷಾಮದಲ್ಲಿ ಎದ್ದು ಹೋಗಿ, ಸಿಕ್ಕಿದವರಿಗೆ ತಾವೇ ದೇವರ ಕೈಯಾದರು. ದೇವರು ಹಸಿದವರಿಗೆ ಆಹಾರ ಕೊಡುವಾಗ ಬಹಳ ಸಾರಿ ಮನುಷ್ಯರ ಕೈಯಿಂದಲೇ ಕೊಡುತ್ತಾನೆ. ಆ ಕೈಗಳು ಮುಚ್ಚಿಕೊಂಡರೆ ಹಸಿದವರು ಸಾಯುತ್ತಾರೆ. ಈ ಉತ್ತರದಿಂದ ದುಃಖವು ತೀರುವುದಿಲ್ಲ; ನಾವು ಮಾಡಬೇಕಾದದ್ದೇನೆಂಬುದು ಮಾತ್ರ ಸ್ಪಷ್ಟವಾಗುತ್ತದೆ.

ಕಡೆಯ ವರ್ಷಗಳಲ್ಲಿ ಕಿವಿ ಬಹಳ ಮಂದವಾಗಿ ಅವರು ಹೆಚ್ಚಾಗಿ ಮೌನದಲ್ಲಿಯೇ ಇದ್ದರು. ಹಳ್ಳಿಯ ಹೆಂಗಸರಿಗೂ ತಿಳಿಯುವಂಥ ತಿಳಿಮರಾಠಿಯಲ್ಲಿ ಸತ್ಯವೇದವು ಬೇಕೆಂದು, ನಡುವಯಸ್ಸಿನಲ್ಲಿ ಇಬ್ರಿಯ ಗ್ರೀಕ್ ಭಾಷೆಗಳನ್ನು ಕಲಿತು, ಸುಮಾರು ಹದಿನೆಂಟು ವರ್ಷ ಭಾಷಾಂತರದಲ್ಲಿ ತೊಡಗಿದರು. ಮುಕ್ತಿಯ ಸ್ತ್ರೀಯರೇ ಅದನ್ನು ಮುದ್ರಿಸಿದರು. 1912ರ ಸುಮಾರಿನಲ್ಲಿ ನಮ್ಮ ನಾಡಿನ ಗುಲ್ಬರ್ಗದಲ್ಲಿ, ಎಂದರೆ ಈಗಿನ ಕಲಬುರಗಿಯಲ್ಲಿ, ಒಂದು ಶಾಲೆಯನ್ನೂ ತೆರೆಯಿಸಿದರು. 1919ರಲ್ಲಿ ಸರಕಾರವು ಕೈಸರ್-ಇ-ಹಿಂದ್ ಪದಕವನ್ನು ಕೊಟ್ಟಿತು. ತಮ್ಮ ಬಳಿಕ ಎಲ್ಲವನ್ನೂ ನಡೆಸುವಳೆಂದು ನಂಬಿದ್ದ ಒಬ್ಬಳೇ ಮಗಳು ಮನೋರಮೆಯು 1921ರಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡಳು. ಆ ಪೆಟ್ಟಿನ ಮೇಲೆಯೂ ರಮಾಬಾಯಿಯವರು ಸತ್ಯವೇದದ ಕೆಲಸವನ್ನು ಕೈಬಿಡಲಿಲ್ಲ. ಅದನ್ನು ತಿದ್ದಿ ಮುಗಿಸಿ, 1922ರ ಏಪ್ರಿಲ್ 5ರಂದು ನಿದ್ರೆಯಲ್ಲಿಯೇ ಕರ್ತನನ್ನು ಸೇರಿದರು. ಪುಸ್ತಕವು 1924ರಲ್ಲಿ ಪ್ರಕಟವಾಯಿತು. 1989ರಲ್ಲಿ ಭಾರತ ಸರಕಾರವು ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಕೇಡಗಾಂವದ ಮುಕ್ತಿಯಲ್ಲಿ ಇಂದಿಗೂ ಅನಾಥ ಹೆಣ್ಣುಮಕ್ಕಳು ಆಶ್ರಯ ಪಡೆಯುತ್ತಿದ್ದಾರೆ.

ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಕೆಲವರಿಗೆ ಮುಂದಿನ ತಿಂಗಳ ಖರ್ಚು ಎಲ್ಲಿಂದ ಬರುವುದೆಂದು ತಿಳಿಯದು. ಕೆಲವರಿಗೆ ಮನೆಯಲ್ಲಿ ತಂದೆಯ ದುಡಿಮೆ ನಿಂತಿದೆ. ಅಂಥವರಿಗೆ ಚಿಂತೆ ಬಿಡಿರೆಂದು ಬರಿದೆ ಹೇಳುವುದು ಸುಲಭ, ಅದು ಕನಿಕರವಲ್ಲ. ನೀವು ರಮಾಬಾಯಿಯವರಂತೆ ನಿಮ್ಮ ಕೊರತೆಯನ್ನು ನಾಚದೆ ಪರಲೋಕದ ತಂದೆಗೆ ತಿಳಿಸಿರಿ. ನಮಗೂ ತಿಳಿಸಿರಿ, ಏಕೆಂದರೆ ಆತನು ನಮ್ಮ ಕೈಯಿಂದ ಸಹಾಯ ಮಾಡಲು ಇಷ್ಟಪಡಬಹುದು. ಓದನ್ನೂ ಕೈಕೆಲಸವನ್ನೂ ಸಮನಾಗಿ ಗೌರವಿಸಿ ಕಲಿಯಿರಿ. ಕೊರತೆಯಿಲ್ಲದವರು ಪಕ್ಕದಲ್ಲಿ ಕುಳಿತವಳ ಬುತ್ತಿಯನ್ನು ಪ್ರೀತಿಯಿಂದ ಗಮನಿಸಿರಿ. ನಾಳೆಯ ಭಾರವನ್ನು ಇಂದೇ ಹೊರಬೇಡಿರಿ. ಇಂದಿನ ಕೆಲಸವನ್ನು ನಾಳೆಗೆ ಇಡಬೇಡಿರಿ. ಒಂದೊಂದು ದಿನಕ್ಕೆ ಬೇಕಾದ ಬಲವನ್ನು ಆಯಾ ದಿನವೇ ಕೊಡುವ ದೇವರು ನಿಮ್ಮೆಲ್ಲರನ್ನೂ ಸಾಕಿ ಸಲಹಲಿ.